ಹಳೆ ಪಿಕಪ್‌ನ ಹೊಟ್ಟೆಯಡಿ ‘ಟಕ್’ ಸಪ್ಪಳ: ಕ್ರಾಸ್ ಸವೆದೈತೋ, ಕ್ರೌನ್ ಹೋಗೈತೋ?

ಹುಬ್ಬಳ್ಳಿ: ಕಮರಿಪೇಟೆಯ ಗಲ್ಲಿಗಳಲ್ಲಿ ಮಾಲು ಇಳಿಸಲು ಬರುವ ಪಿಕಪ್ ಒಂದೇ ಸಲಕ್ಕೆ ತಿರುಗಿ ಹೋಗುವುದು ಅಪರೂಪ. ಮುಂದೆ ಒಂದು ಮಾರು, ಹಿಂದೆ ಒಂದು ಮಾರು, ಮತ್ತೆ ಮುಂದೆ. ಹೀಗೆ ಫಸ್ಟ್ ಗೇರ್‌ನಿಂದ ರಿವರ್ಸ್‌ಗೆ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಗಾಡಿಯ ಅಡಿಯಿಂದ ‘ಟಕ್’ ಅಂತ ಕಬ್ಬಿಣದ ಸಪ್ಪಳ ಬಂದರೆ ಅಂಗಡಿ ಕಟ್ಟೆ ಮೇಲೆ ಕೂತವರಿಗೂ ಕೇಳುತ್ತದೆ. ಚಾಲಕ ಮಾತ್ರ ‘ಹಳೇ ಗಾಡಿ, ಅಷ್ಟು ಇರೂದ ಬಿಡ್ರಿ’ ಅಂದು ಮುಂದೆ ಹೋಗುತ್ತಾನೆ. ಆ ಸಪ್ಪಳ ಬಹಳ ಸಲ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್‌ನದು. ಆಗಲೇ ಹಿಡಿದರೆ ಒಂದೊಪ್ಪತ್ತಿನ ಕೆಲಸ. ಬಿಟ್ಟರೆ ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಲೋಡಿನ ಸಮೇತ ಇಳಿಯುವಾಗ ಶಾಫ್ಟೇ ಕಳಚಿ ಬೀಳಬಹುದು.

ಶಾಫ್ಟ್ ಅಂದರೆ ಯಾವುದು?

ಬೊಲೆರೊ ಪಿಕಪ್, ಟಾಟಾ 407, ಟಾಟಾ ಏಸ್, ಇವೆಲ್ಲ ಹಿಂದಿನ ಚಕ್ರ ಎಳೆಯುವ ಗಾಡಿಗಳು. ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಹೌಸಿಂಗ್‌ಗೆ ಒಯ್ಯುವ ಉದ್ದನೆಯ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಲೋಡ್ ಬಿದ್ದಾಗ, ಗುಂಡಿಗೆ ಇಳಿದಾಗ ಹೌಸಿಂಗ್ ಮೇಲೆ ಕೆಳಗೆ ಆಡುತ್ತದೆ, ಗೇರ್‌ಬಾಕ್ಸ್ ಆಡುವುದಿಲ್ಲ. ಅದಕ್ಕೇ ಪೈಪಿನ ತುದಿಗಳಲ್ಲಿ ಅಧಿಕ ಚಿಹ್ನೆಯ ಆಕಾರದ ಕ್ರಾಸ್ ಇರುತ್ತದೆ. ಅದರ ನಾಲ್ಕು ತೋಳಿಗೂ ಒಂದೊಂದು ಕಪ್, ಪ್ರತಿ ಕಪ್‌ನೊಳಗೆ ಸೂಜಿಯಂಥ ಸಣ್ಣ ರೋಲರ್‌ಗಳು. ಶಾಫ್ಟ್ ಉದ್ದ ಕಡಿಮೆ ಹೆಚ್ಚು ಆಗಲು ಹಲ್ಲಿನ ಸ್ಲಿಪ್ ಜಾಯಿಂಟ್ ಇರುತ್ತದೆ. ಎರಡು ತುಂಡಿನ ಶಾಫ್ಟ್ ಆದರೆ ನಡುವೆ ರಬ್ಬರ್ ಸುತ್ತಿದ ಸೆಂಟರ್ ಬೇರಿಂಗ್ ಕೂಡ ಉಂಟು.

ಸವೆಯಲು ಮೊದಲ ಕಾರಣ ಗ್ರೀಸ್ ಇಲ್ಲದಿರುವುದು. ಎರಡನೆಯದು ಓವರ್‌ಲೋಡ್. ಮಳೆಗಾಲದಲ್ಲಿ ನಿಂತ ನೀರಲ್ಲಿ ಹಾಯ್ದರೆ ಕಪ್‌ನ ಸೀಲ್ ದಾಟಿ ನೀರು ಒಳಗೆ ಹೋಗಿ ಸೂಜಿ ರೋಲರ್ ತುಕ್ಕು ಹಿಡಿಯುತ್ತವೆ. ‘ಲೋಡ್ ತಡೀಲಿ’ ಅಂತ ಒಂದೆರಡು ಪಾಟಾ ಹೆಚ್ಚಿಗೆ ಹಾಕಿಸುವ ರೂಢಿಯಿಂದಲೂ ತೊಂದರೆ ಇದೆ. ಖಾಲಿ ಗಾಡಿಯ ಹಿಂಭಾಗ ಎತ್ತರವಾಗಿ ಶಾಫ್ಟಿನ ಕೋನ ಬದಲಾಗುತ್ತದೆ, ಹೊಸ ಕ್ರಾಸ್ ಕೂಡ ಬೇಗ ಹಾಳಾಗುತ್ತದೆ.

ಸಪ್ಪಳ ಕೇಳಿ ಗುರುತು ಹಿಡಿಯುವುದು

ಗ್ಯಾರೇಜಿಗೆ ಹೋಗಿ ‘ಹಿಂದ ಏನೋ ಬಡಿಯಾಕತ್ತೈತಿ’ ಅಂದರೆ ಸಾಲದು. ಯಾವಾಗ, ಎಂಥ ಸಪ್ಪಳ ಅಂತ ಹೇಳಿದರೆ ಮಿಸ್ತ್ರಿಗೂ ಅನುಕೂಲ, ಬೇಡದ ಸಾಮಾನು ಬದಲಾಯಿಸುವ ಖರ್ಚೂ ಉಳಿಯುತ್ತದೆ.

ಖಾಲಿ ಗಾಡಿ ನಿಧಾನಕ್ಕೆ ಹೋಗುವಾಗ ಗುಬ್ಬಿ ಕೂಗಿದಂತೆ ‘ಚಿರ್ ಚಿರ್’ ಅಂದರೆ, ವೇಗ ಏರಿದಂತೆ ಆ ಸದ್ದೂ ಚುರುಕಾದರೆ, ಕ್ರಾಸ್ ಒಣಗಿದೆ. ಇದು ಮೊದಲ ಹಂತ. ಗ್ರೀಸ್ ಹೊಡೆದ ಮೇಲೆ ಸದ್ದು ನಿಂತರೂ ಒಳಗೆ ಆಗಿರುವ ಸವಕಳಿ ವಾಪಸ್ ಬರುವುದಿಲ್ಲ, ಕೈಯಿಂದ ಅಲುಗಾಡಿಸಿ ನೋಡಲೇಬೇಕು. ಗೇರ್ ಬದಲಿಸುವಾಗ, ಆಕ್ಸಿಲರೇಟರ್ ಒತ್ತಿ ಬಿಡುವಾಗ ‘ಟಕ್’ ಅಂದರೆ ಕ್ರಾಸ್ ಸವೆದಿರಬಹುದು, ಸ್ಲಿಪ್ ಜಾಯಿಂಟ್‌ನ ಹಲ್ಲು ಸಡಿಲಾಗಿರಬಹುದು, ಅಥವಾ ಕ್ರೌನ್–ಪಿನಿಯನ್‌ನಲ್ಲಿ ಆಟ ಹೆಚ್ಚಾಗಿರಬಹುದು. ಮೂರರ ಸದ್ದೂ ಒಂದೇ ನಮೂನಿ. ಸದ್ದು ಕೇಳಿದ ಕೂಡಲೇ ‘ಕ್ರೌನ್ ಹೋಗೈತಿ’ ಅಂದವರ ಮಾತಿಗೆ ಒಪ್ಪುವ ಮೊದಲು ಗಾಡಿ ಅಡಿಗೆ ಹೋಗಿ ನೋಡುವುದು ಒಳ್ಳೆಯದು, ಯಾಕಂದರೆ ಕ್ರಾಸಿನ ಖರ್ಚಿಗೂ ಕ್ರೌನ್ ಖರ್ಚಿಗೂ ಅಜಗಜಾಂತರ. ಕ್ರೌನ್ ಕೆಟ್ಟಾಗ ಸಾಮಾನ್ಯವಾಗಿ ಹಿಂದಿನಿಂದ ‘ಊಂ’ ಅಂತ ಎಳೆದ ಸದ್ದು ಬರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ.

ಲೋಡ್ ಹೊತ್ತು ನಿಂತಲ್ಲಿಂದ ಹೊರಡುವಾಗ ಗಾಡಿ ಗಡಗಡ ನಡುಗಿ, ಸ್ವಲ್ಪ ವೇಗ ಹಿಡಿದ ಮೇಲೆ ಸುಮ್ಮನಾದರೆ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿರುವ ಸಾಧ್ಯತೆ ಹೆಚ್ಚು. ಕ್ಲಚ್ ಪ್ಲೇಟ್ ಕೆಟ್ಟರೂ ಹೀಗೇ ನಡುಗುತ್ತದೆ. ಕ್ಲಚ್‌ಗೆ ಗಾಡಿ ಬಿಚ್ಚುವ ಮೊದಲು ಆ ರಬ್ಬರ್ ನೋಡಲು ಎರಡು ನಿಮಿಷ ಸಾಕು.

ವೇಗದಲ್ಲಿ ಮಾತ್ರ ನಡುಕ ಬಂದರೆ ಪರೀಕ್ಷೆ ಬೇರೆ. ರಜೆ ದಿನ ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ವಾಹನ ಕಡಿಮೆ ಇರುವ ನೇರ ರಸ್ತೆಯಲ್ಲಿ, ನಡುಕ ಬರುವ ವೇಗ ಹಿಡಿದು ಒಮ್ಮೆ ಟಾಪ್ ಗೇರ್‌ನಲ್ಲಿ, ಇನ್ನೊಮ್ಮೆ ಒಂದು ಗೇರ್ ಕೆಳಗೆ ಹಾಕಿ ಓಡಿಸಿ. ಎಂಜಿನ್ ಓಟ ಬದಲಾದರೂ ಅದೇ ವೇಗಕ್ಕೆ ಅದೇ ನಡುಕ ಬಂದರೆ ದೋಷ ಎಂಜಿನ್‌ನದಲ್ಲ, ಶಾಫ್ಟ್ ಅಥವಾ ಚಕ್ರದ್ದು. ಈ ಎರಡನ್ನೂ ಬೇರೆ ಮಾಡುವುದು ಸುಲಭ. ಕ್ರೌನ್ ಲೆಕ್ಕದಿಂದಾಗಿ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟ್ ಸುಮಾರು 4 ಸುತ್ತು ಹಾಕಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪಿಕಪ್‌ನ ಚಕ್ರ ಸೆಕೆಂಡಿಗೆ 8 ಸುತ್ತು ತಿರುಗಿದರೆ ಶಾಫ್ಟ್ 30ಕ್ಕೂ ಹೆಚ್ಚು. ಹಾಗಾಗಿ ಟೈರ್ ದೋಷ ಸ್ಟಿಯರಿಂಗ್‌ನಲ್ಲಿ ಅಥವಾ ಸೀಟಿನಲ್ಲಿ ತೂಗಿದಂತೆ ಗೊತ್ತಾಗುತ್ತದೆ, ಶಾಫ್ಟ್ ದೋಷ ಕಾಲಡಿಯ ತಗಡಿನಲ್ಲಿ ‘ಝುಂ’ ಅನ್ನುತ್ತದೆ.

ನವಲಗುಂದ, ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಹೊಲಕ್ಕೆ ಇಳಿದು ಬಂದ ಗಾಡಿಯಾದರೆ ಮೊದಲು ಶಾಫ್ಟ್ ತೊಳೆಸಿ. ಎರೆಮಣ್ಣು ಪೈಪಿನ ಒಂದೇ ಬದಿಗೆ ಮೆತ್ತಿ ಒಣಗಿದರೆ ಅಷ್ಟಕ್ಕೇ ಬ್ಯಾಲೆನ್ಸ್ ತಪ್ಪುತ್ತದೆ. ನೀರಿನ ಪೈಪ್ ಹಿಡಿದರೆ ಹೋಗುವ ರೋಗಕ್ಕೆ ಬೇರಿಂಗ್ ಹಾಕಿಸಿದವರೂ ಇದ್ದಾರೆ.

ಗಾಡಿ ಅಡಿಗೆ ಹೋದಾಗ

ಸಮತಟ್ಟು ಜಾಗ, ಎಂಜಿನ್ ಬಂದ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಆಮೇಲೆ ಗೇರ್ ನ್ಯೂಟ್ರಲ್. ಕ್ರಾಸಿನ ಆ ಕಡೆಯ ಯೋಕ್ ಒಂದು ಕೈಯಲ್ಲಿ, ಈ ಕಡೆಯದು ಇನ್ನೊಂದು ಕೈಯಲ್ಲಿ ಹಿಡಿದು ಎದುರು ಬದುರು ತಿರುಚಿ. ಕ್ರಾಸಿನಲ್ಲಿ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಅದು ಮುಗಿದಂತೆ. ಕಪ್‌ನ ಅಂಚಿನಲ್ಲಿ ಕೆಂಪು ಪುಡಿ ಕಂಡರೂ ಅಷ್ಟೇ, ಒಳಗೆ ಗ್ರೀಸ್ ಬದಲು ತುಕ್ಕಿದೆ ಅಂತ ಅರ್ಥ. ಸ್ಲಿಪ್ ಜಾಯಿಂಟ್ ಮೇಲೆ ಕೆಳಗೆ ಅಲ್ಲಾಡಿಸಿ, ಸೆಂಟರ್ ಬೇರಿಂಗ್ ಬಳಿ ಶಾಫ್ಟನ್ನು ಎತ್ತಿ ನೋಡಿ. ಹಿಂದಿನ ಫ್ಲೇಂಜ್ ತಿರುಚಿದಾಗ ಸ್ವಲ್ಪ ಆಟ ಸಹಜ, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಅಲ್ಲಾಡಿ ಆಯಿಲ್ ಕೂಡ ಸೋರುತ್ತಿದ್ದರೆ ಪಿನಿಯನ್ ಬೇರಿಂಗ್ ಕೆಲಸ ಬಂದಿದೆ.

ಬಿಚ್ಚುವಾಗ ನೆನಪಿಡಬೇಕಾದ ಮಾತು: ಶಾಫ್ಟ್ ಹೊರಗೆ ಬಂದ ಮೇಲೆ ಗಾಡಿ ಗೇರ್‌ನಲ್ಲಿದ್ದರೂ ನಿಲ್ಲುವುದಿಲ್ಲ, ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಕಡಿದಿರುತ್ತದೆ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಡ್ರಮ್ ಇರುವುದೇ ಈ ಶಾಫ್ಟಿನ ಮೇಲೆ, ಅಲ್ಲಿ ಅದೂ ಕೆಲಸಕ್ಕೆ ಬಾರದು. ಚಕ್ರಕ್ಕೆ ಕೊಟ್ಟ ಕಲ್ಲೇ ಆಧಾರ.

ಕ್ರಾಸ್ ಬದಲಿಸುವ ಕೆಲಸ

ಬೋಲ್ಟ್ ಬಿಚ್ಚುವ ಮೊದಲು ಎರಡೂ ಫ್ಲೇಂಜ್ ಮೇಲೆ, ಸ್ಲಿಪ್ ಜಾಯಿಂಟ್‌ನ ಎರಡೂ ಭಾಗದ ಮೇಲೆ ಪಂಚ್ ಅಥವಾ ಪೇಂಟ್‌ನಿಂದ ಗುರುತು ಹಾಕಬೇಕು. ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ. ಕೋನದಲ್ಲಿ ತಿರುಗುವ ಒಂದು ಕ್ರಾಸ್ ಪ್ರತಿ ಸುತ್ತಿನಲ್ಲೂ ಎರಡು ಸಲ ಜೋರು, ಎರಡು ಸಲ ನಿಧಾನ ತಿರುಗುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸುತ್ತದೆ, ಆದರೆ ಎರಡೂ ತುದಿಯ ಯೋಕ್ ಒಂದೇ ನೇರದಲ್ಲಿದ್ದರೆ ಮಾತ್ರ. ಸ್ಲಿಪ್ ಜಾಯಿಂಟ್ ಎಳೆದು ಒಂದೆರಡು ಹಲ್ಲು ತಪ್ಪಿಸಿ ಸೇರಿಸಿದರೆ ಕ್ರಾಸ್ ಹೊಸದಾದರೂ ನಡುಕ ಮೊದಲಿಗಿಂತ ಹೆಚ್ಚು.

ಸರ್ಕ್ಲಿಪ್ ತೆಗೆದು ಕಪ್‌ಗಳನ್ನು ವೈಸ್ ಅಥವಾ ಪ್ರೆಸ್‌ನಲ್ಲಿ ಒತ್ತಿ ಹೊರತೆಗೆಯುವುದು ಸರಿಯಾದ ಪದ್ಧತಿ. ಸುತ್ತಿಗೆ ಬೇಕಾದರೂ ಯೋಕ್ ಮೇಲೆ, ಪೈಪಿಗೆ ಏಟು ಬೀಳಕೂಡದು. ಪೈಪ್ ತಗ್ಗಾದರೆ ಬ್ಯಾಲೆನ್ಸ್ ಹೋಯಿತು. ಹಳೆ ಕ್ರಾಸಿನ ತೋಳಿನ ಮೇಲೆ ಉಗುರು ಆಡಿಸಿದರೆ ಗೀರುಗಳು ಸಿಗುತ್ತವೆ, ಸೂಜಿ ರೋಲರ್ ಒಂದೇ ಕಡೆ ಒತ್ತಿದ ಗುರುತು ಅದು.

ಯೋಕ್‌ನ ತೂತು ನೋಡದೆ ಹೊಸ ಕಪ್ ಹಾಕುವುದು ದುಡ್ಡು ದಂಡ. ಹೊಸ ಕಪ್ ಬೆರಳಿನಿಂದ ಸಲೀಸಾಗಿ ಒಳಗೆ ಹೋದರೆ ತೂತು ದೊಡ್ಡದಾಗಿದೆ. ಪಂಚ್ ಹೊಡೆದು ಬಿಗಿ ಮಾಡುವುದು, ತಗಡು ಸುತ್ತುವುದು, ಕಪ್‌ಗೆ ವೆಲ್ಡಿಂಗ್ ಟಚ್ ಕೊಡುವುದು ಯಾವುದೂ ಲೋಡ್ ಗಾಡಿಗೆ ಆಗುವ ಮಾತಲ್ಲ, ಯೋಕ್ ಬದಲಿಸಬೇಕು. ಹೊಸ ಕಪ್ ಕೂರಿಸುವಾಗ ಸೂಜಿಗಳು ಗ್ರೀಸಿನಲ್ಲಿ ಅಂಟಿಕೊಂಡು ನೇರ ನಿಂತಿರಬೇಕು. ಒಂದು ಸೂಜಿ ಅಡ್ಡ ಬಿದ್ದರೂ ಕಪ್ ಪೂರ್ತಿ ಒಳಗೆ ಹೋಗದು, ಸರ್ಕ್ಲಿಪ್ ಕೂರದು. ಆಗ ಜೋರು ಮಾಡದೆ ತೆಗೆದು ನೋಡಬೇಕು. ನಾಲ್ಕೂ ಸರ್ಕ್ಲಿಪ್ ಗಾಡಿಯಲ್ಲಿ ಸರಿಯಾಗಿ ಕೂತ ಮೇಲೆ ಕ್ರಾಸ್ ಕೈಯಿಂದ ಆಡಬೇಕು, ಆದರೆ ಸಡಿಲ ಇರಬಾರದು.

ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ಗನ್ ತಾಗುವ ದಿಕ್ಕಿಗೆ ಬರುವಂತೆ ಕೂರಿಸಿ, ನಾಲ್ಕೂ ಸೀಲಿನ ಅಂಚಿನಿಂದ ಗ್ರೀಸ್ ಇಣುಕುವವರೆಗೆ ಹೊಡೆಯಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಮೊದಲು ಸಾಯುವುದು ಆ ನಾಲ್ಕನೆಯದೇ. ಫ್ಲೇಂಜ್‌ಗೆ ಕಂಪನಿ ಹೇಳಿದ ಗ್ರೇಡಿನ ಬೋಲ್ಟೇ ಬೇಕು, ಡಬ್ಬಿಯಲ್ಲಿ ಸಿಕ್ಕ ಬೋಲ್ಟ್ ಲೋಡಿನ ಝಟಕಾಕ್ಕೆ ಕತ್ತರಿಸಿ ಹೋಗುತ್ತದೆ. ಪೈಪಿಗೆ ವೆಲ್ಡಿಂಗ್ ಮಾಡಿಸಿದ್ದರೆ ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಹಾಕಿಸದೆ ಗಾಡಿಗೆ ಏರಿಸಬೇಡಿ.

ಘಟ್ಟದಲ್ಲಿ ಕಳಚಿದರೆ

ಶಾಫ್ಟ್ ಬಿಟ್ಟ ಕ್ಷಣ ಗೇರ್ ಹಿಡಿತ ಇಲ್ಲವಾಗುತ್ತದೆ. ಸೆಕೆಂಡ್ ಗೇರ್‌ನಲ್ಲಿ ಇಳಿಯುತ್ತಿದ್ದ ಗಾಡಿ ನ್ಯೂಟ್ರಲ್‌ನಲ್ಲಿ ಇಳಿದಂತೆ ಓಡುತ್ತದೆ. ಹಿಂದಿನ ತುದಿ ಕಳಚಿದರೆ ಶಾಫ್ಟ್ ರಸ್ತೆಗೆ ಉಜ್ಜುತ್ತ ಬರುತ್ತದೆ. ಮುಂದಿನ ತುದಿ ಕಳಚಿದರೆ ಇನ್ನೂ ಕೆಟ್ಟದ್ದು, ಅದು ನೆಲಕ್ಕೆ ಚುಚ್ಚಿ ಗಾಡಿಯನ್ನೇ ಎತ್ತಬಹುದು. ಬೀಸುವ ಶಾಫ್ಟ್ ಬ್ರೇಕ್ ಪೈಪಿಗೂ ಹೊಡೆಯಬಹುದು. ಅಂಥ ಹೊತ್ತಿನಲ್ಲಿ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಒತ್ತಿ ಬದಿಗೆ ನಿಲ್ಲಿಸಬೇಕು. ಗಾಡಿ ನಿಲ್ಲುವವರೆಗೆ ಎಂಜಿನ್ ಬಂದ್ ಮಾಡಬಾರದು, ಬ್ರೇಕ್ ಬೂಸ್ಟರ್‌ಗೆ ಅದು ಬೇಕು. ಶಾಫ್ಟಿನ ಮುಂಭಾಗಕ್ಕೆ ಪಟ್ಟಿಯ ಗಾರ್ಡ್ ಇದ್ದರೆ ಬಿಚ್ಚಿ ಬಿಸಾಡಬೇಡಿ. ‘ಸಪ್ಪಳ ಮಾಡ್ತೈತಿ’ ಅಂತ ತೆಗೆದ ಗಾರ್ಡ್ ಎಷ್ಟೋ ಗಾಡಿಗಳಲ್ಲಿ ವಾಪಸ್ ಏರುವುದೇ ಇಲ್ಲ.

8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಗಾಡಿ ಹೇಗೂ ಗ್ಯಾರೇಜಿನಲ್ಲಿ ಇರುವ ಆ ದಿನವೇ ಕ್ರಾಸ್, ಸೆಂಟರ್ ಬೇರಿಂಗ್ ನೋಡಿಸಿಕೊಳ್ಳಬಹುದು. ಸಾಮಾನು ತರಲು ಹೋಗುವವರು ಹಳೆ ಕ್ರಾಸನ್ನು ಕೈಯಲ್ಲೇ ಒಯ್ಯಿರಿ. ಮಾಡೆಲ್ ಹೆಸರು ಒಂದೇ ಇದ್ದರೂ ವರ್ಷಕ್ಕೆ ತಕ್ಕಂತೆ ಕಪ್‌ನ ಅಗಲ, ತೋಳಿನ ಉದ್ದ ಬೇರೆ ಇರಬಹುದು. ಬಿಲ್‌ನಲ್ಲಿ ಸಾಮಾನು ಬೇರೆ, ಮಜೂರಿ ಬೇರೆ ಬರೆಸಿಕೊಳ್ಳಿ. ಕೆಲಸ ಮುಗಿದು ಮೊದಲ ವಾರ ಲೋಡ್ ಹೊತ್ತು ಓಡಿದ ಮೇಲೆ ಫ್ಲೇಂಜ್ ಬೋಲ್ಟ್‌ಗಳಿಗೆ ಇನ್ನೊಮ್ಮೆ ಪಾನಾ ಹಾಕಿ ಬಿಗಿ ನೋಡಿಸಿ.