ಮುಂಬೈ ಫ್ಲ್ಯಾಟ್‌ನ ಹಾಲ್‌ನಲ್ಲಿ ಟಿವಿ ಎಲ್ಲಿರಬೇಕು? ಗೋಡೆಗೆ ಡ್ರಿಲ್ ಹಾಕಿಸುವ ಮುನ್ನ ಇದನ್ನು ಓದಿ

ಮುಂಬೈ: ಹೊಸ ಫ್ಲ್ಯಾಟ್‌ನ ಕೀಲಿ ಕೈಗೆ ಬಂದ ವಾರದಲ್ಲೇ ಇಂಟೀರಿಯರ್‌ನವರು ಮೊಬೈಲ್‌ನಲ್ಲಿ ಫೋಟೋ ತೋರಿಸಲು ಶುರು ಮಾಡುತ್ತಾರೆ. ಅದರಲ್ಲಿ ಈ ಫೋಟೋ ಇದ್ದೇ ಇರುತ್ತದೆ: ವಿದೇಶದ ದೊಡ್ಡ ಹಾಲ್, ನಡುವೆ ಉರಿಯುವ ಅಗ್ಗಿಷ್ಟಿಕೆ, ಅದರ ಮೇಲೆ ಗೋಡೆ ತುಂಬುವ ಟಿವಿ. ನೋಡಲು ಚೆಂದ. ಆದರೆ ಮುಂಬೈನ ಹತ್ತು ಅಡಿ ಅಗಲದ ಹಾಲ್‌ಗೆ ಅದನ್ನೇ ತಂದರೆ ಕತ್ತು ನೋವು ಖಚಿತ, ಟಿವಿಯ ಆಯಸ್ಸೂ ಕಡಿಮೆ.

ಮುಂಬೈಗೆ ಅಗ್ಗಿಷ್ಟಿಕೆಯ ಅಗತ್ಯವೇ ಇಲ್ಲ. ಸಾಂತಾಕ್ರೂಜ್‌ನಲ್ಲಿ ದಾಖಲಾದ ಅತಿ ಕನಿಷ್ಠ ತಾಪಮಾನ 7.4 ಡಿಗ್ರಿ ಸೆಲ್ಸಿಯಸ್, ಅದೂ 1962ರ ಜನವರಿ 22ರಂದು. ಅಗ್ಗಿಷ್ಟಿಕೆ ನೋಡಬೇಕೆಂದರೆ ಮಹಾಬಲೇಶ್ವರಕ್ಕೋ, ಕೊಡಗು-ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳಿಗೋ ಹೋಗಬೇಕು. ಆದರೆ ಅದರ ಮೇಲೆ ಟಿವಿ ಇಡುವುದರಿಂದ ಬರುವ ಎರಡು ತೊಂದರೆಗಳು ಇಲ್ಲಿಯೂ ಇವೆ. ಒಂದು, ಅತಿಯಾದ ಎತ್ತರ. ಇನ್ನೊಂದು, ಟಿವಿಗೆ ಆಗದ ಗೋಡೆ. ಅಲ್ಲಿ ಗೋಡೆ ಬಿಸಿಯಾಗುತ್ತದೆ, ಇಲ್ಲಿ ಒದ್ದೆಯಾಗುತ್ತದೆ.

ಎತ್ತರ ಎಷ್ಟಿರಬೇಕು?

ಸೋಫಾದ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು 3ರಿಂದ 3.5 ಅಡಿ ಎತ್ತರದಲ್ಲಿರುತ್ತದೆ. ಟಿವಿ ಪರದೆಯ ನಡುಭಾಗ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬರಬೇಕು. 43 ಇಂಚಿನ ಟಿವಿಯ ಎತ್ತರ ಸುಮಾರು 21 ಇಂಚು. ಅಂದರೆ ಅದರ ಕೆಳ ಅಂಚು ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿ ಇದ್ದರೆ ಸಾಕು. ಊಟದ ಹೊತ್ತಿಗೆ ನೆಲದ ಮೇಲೆ ಕುಳಿತು ನೋಡುವ ಮನೆಯಾದರೆ ಇನ್ನೂ ಸ್ವಲ್ಪ ಕೆಳಗೆ.

ಆದರೆ ಮುಂಬೈನಲ್ಲಿ ಆಗುವುದು ಬೇರೆ. ಜಾಗ ಉಳಿಸಲು ಟಿವಿಯನ್ನು ಶೂ ರ‍್ಯಾಕ್‌ ಮೇಲೆ, ಫ್ರಿಜ್ ಮೇಲೆ, ಕೆಲವೆಡೆ ಬಾಗಿಲಿನ ಚೌಕಟ್ಟಿನ ಮಟ್ಟಕ್ಕೆ ಏರಿಸುತ್ತಾರೆ. ಇದು ಹಳೆಯ ಅಭ್ಯಾಸ. 1972ರ ಅಕ್ಟೋಬರ್ 2ರಂದು ಮುಂಬೈ ದೂರದರ್ಶನ ಆರಂಭವಾದ ಕಾಲದ ಟಿವಿಗಳ ಹಿಂಬದಿ ಉದ್ದವಾಗಿತ್ತು, ಅವನ್ನು ಮೂಲೆಯಲ್ಲೋ ಶೋಕೇಸ್ ಮೇಲೋ ಕೂರಿಸದೆ ವಿಧಿಯಿರಲಿಲ್ಲ. ಚಾಳ್‌ಗಳಲ್ಲಿ ಅಕ್ಕಪಕ್ಕದವರೂ ನೋಡಲು ಬರುತ್ತಿದ್ದುದರಿಂದ ಎತ್ತರ ಅನುಕೂಲವೂ ಆಗಿತ್ತು. ಈಗ ಟಿವಿ ತೆಳ್ಳಗಾಗಿದೆ, ನೋಡುವವರು ಮನೆಯವರಷ್ಟೇ. ನಮ್ಮ ಬಾಡಿಗೆ ಮನೆಯ ಟಿವಿ ಮಾತ್ರ ಇನ್ನೂ ಫ್ರಿಜ್‌ಗಿಂತ ಮೇಲೇ ಇದೆ. ಐಪಿಎಲ್ ಪಂದ್ಯ ಮುಗಿಯುವಷ್ಟರಲ್ಲಿ ಎಲ್ಲರ ಕೈ ಕತ್ತಿನ ಮೇಲಿರುತ್ತದೆ.

ಎತ್ತರದಲ್ಲಿ ಇಡಲೇಬೇಕಾದರೆ ಮುಂದಕ್ಕೆ ಬಾಗುವ ವಾಲ್ ಮೌಂಟ್ ತೆಗೆದುಕೊಳ್ಳಿ.

ಎಷ್ಟು ದೂರಕ್ಕೆ ಎಷ್ಟು ಇಂಚು?

ಪರದೆಯ ಇಂಚನ್ನು 1.6ರಿಂದ ಗುಣಿಸಿದರೆ ಕುಳಿತುಕೊಳ್ಳಬೇಕಾದ ದೂರ ಇಂಚಿನಲ್ಲಿ ಸಿಗುತ್ತದೆ. 32 ಇಂಚಿಗೆ ಸುಮಾರು 4.3 ಅಡಿ, 43ಕ್ಕೆ 5.7 ಅಡಿ, 55ಕ್ಕೆ 7.3 ಅಡಿ. ಅಳೆಯುವಾಗ ಗೋಡೆಯಿಂದ ಗೋಡೆಗೆ ಅಳೆಯಬೇಡಿ, ಪರದೆಯಿಂದ ಕಣ್ಣಿಗೆ ಅಳೆಯಿರಿ. ಹತ್ತು ಅಡಿಯ ಹಾಲ್‌ನಲ್ಲಿ ಸೋಫಾ ಇಟ್ಟ ಮೇಲೆ ಉಳಿಯುವುದು ಏಳೂವರೆ ಅಡಿ ಅಷ್ಟೇ. ರಾತ್ರಿ ಸೋಫಾ-ಕಮ್-ಬೆಡ್ ಬಿಚ್ಚುವ ಮನೆಗಳಲ್ಲಿ ಅದು ಟಿವಿ ಯೂನಿಟ್‌ಗೆ ತಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕಿಟಕಿಯ ಎದುರು ಗೋಡೆಗೆ ಟಿವಿ ಹಾಕಿದರೆ ಹಗಲಿನಲ್ಲಿ ಧಾರಾವಾಹಿಗಿಂತ ಎದುರು ಬಿಲ್ಡಿಂಗೇ ಹೆಚ್ಚು ಕಾಣುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಗೋಡೆ ಉತ್ತಮ.

ಯಾವ ಗೋಡೆ? ಮಳೆಗಾಲವನ್ನು ಕೇಳಿ

ಇದೇ ಮುಖ್ಯ ವಿಷಯ. ಬಿಲ್ಡರ್ ಟಿವಿ ಪಾಯಿಂಟ್ ಕೊಟ್ಟಿದ್ದಾನೆ ಎಂಬ ಮಾತ್ರಕ್ಕೆ ಅದು ಒಳ್ಳೆಯ ಗೋಡೆ ಎಂದಲ್ಲ. ಮುಂಬೈಗೆ ಮಳೆ ನೈಋತ್ಯ ದಿಕ್ಕಿನಿಂದ ಬಡಿಯುತ್ತದೆ. ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿಯುತ್ತವೆ. ಬಾತ್‌ರೂಮ್‌ಗೆ ಹೊಂದಿಕೊಂಡ ಗೋಡೆಯದ್ದು ವರ್ಷಪೂರ್ತಿ ಇದೇ ಕಥೆ. ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಉದುರುತ್ತಿದ್ದರೆ ಅಲ್ಲಿ ಟಿವಿ ಬೇಡ. ಅದರ ಮೇಲೆ ಪ್ಲೈವುಡ್ ಪ್ಯಾನೆಲ್ ಹೊಡೆಸಿ ಮುಚ್ಚುವುದು ಇನ್ನೂ ಕೆಟ್ಟದ್ದು: ಒಳಗೆ ತೇವ ನಿಲ್ಲುತ್ತದೆ, ಸ್ವಿಚ್‌ಬೋರ್ಡ್‌ಗೆ ಇಳಿಯುತ್ತದೆ, ನಿಮಗೆ ಗೊತ್ತಾಗುವಷ್ಟರಲ್ಲಿ ಪ್ಲೈ ಕೊಳೆತಿರುತ್ತದೆ. ಸಾಧ್ಯವಿದ್ದರೆ ಒಂದು ಮಳೆಗಾಲ ಕಳೆಯುವವರೆಗೆ ಟಿವಿಯನ್ನು ಮೇಜಿನ ಮೇಲೇ ಇಟ್ಟುಕೊಂಡು ಆಮೇಲೆ ಗೋಡೆ ಆರಿಸಿ.

ನೀರು ನಿಲ್ಲುವ ಪ್ರದೇಶದ ನೆಲಮಹಡಿಯವರು ಪ್ಲಗ್ ಪಾಯಿಂಟ್ ಮತ್ತು ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮಟ್ಟದಲ್ಲಿ ಇರದಂತೆ ನೋಡಿಕೊಳ್ಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಿದ್ದನ್ನು ಈ ನಗರ ಮರೆತಿಲ್ಲ.

ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದೂ ಗೊತ್ತಿರಲಿ. ಹೊಸ ಟವರ್‌ಗಳ ಮೈವಾನ್ ಗೋಡೆ ಪೂರ್ತಿ ಕಾಂಕ್ರೀಟ್. ಹ್ಯಾಮರ್ ಡ್ರಿಲ್ ಬೇಕು, ಟಿವಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ವೈರ್‌ಗಾಗಿ ಗೋಡೆ ಕೊರೆಯುವಂತಿಲ್ಲ, ಏಕೆಂದರೆ ಕಟ್ಟಡದ ಭಾರ ಹೊರುವುದೇ ಆ ಗೋಡೆ. ಅಲ್ಲಿ ಕೇಸಿಂಗ್ ಪಟ್ಟಿಯೇ ಗತಿ. ಸಿಪೊರೆಕ್ಸ್ ಎಂದು ಕರೆಯುವ ಹಗುರ ಬ್ಲಾಕ್‌ನ ಗೋಡೆಯಾದರೆ ಕೊರೆಯುವುದು ಸುಲಭ, ಆದರೆ ಮಾಮೂಲಿ ಪ್ಲಾಸ್ಟಿಕ್ ಗುಟ್ಟ ಸಡಿಲವಾಗಿ ಹೊರಬರಬಹುದು. ಅದಕ್ಕೆಂದೇ ಬರುವ ಉದ್ದನೆಯ ಆ್ಯಂಕರ್ ಹಾಕಿಸಿ. ಕೆಲಸ ಶುರು ಮಾಡುವ ಮುನ್ನ ಸೊಸೈಟಿಯ ಅನುಮತಿ ಮತ್ತು ಡ್ರಿಲ್ಲಿಂಗ್ ಸಮಯ ವಿಚಾರಿಸುವುದು ಒಳ್ಳೆಯದು, ಮಧ್ಯಾಹ್ನದ ನಿದ್ದೆ ಕೆಟ್ಟ ಕೆಳಮನೆಯವರು ಸುಮ್ಮನಿರುವುದಿಲ್ಲ.

ಸೆಟ್‌ಟಾಪ್ ಬಾಕ್ಸ್, ರೂಟರ್, ಸೌಂಡ್‌ಬಾರ್

ಸೆಟ್‌ಟಾಪ್ ಬಾಕ್ಸ್ ಬಿಸಿಯಾಗುತ್ತದೆ. ಅದರ ಮೇಲೆ ರೂಟರ್ ಪೇರಿಸಬೇಡಿ, ಸುತ್ತ ಎರಡು-ಮೂರು ಇಂಚು ಗಾಳಿ ಆಡಲಿ. ಮರದ ಬಾಗಿಲಿನ ಹಿಂದೆ ಇಟ್ಟರೆ ರಿಮೋಟ್ ಕೆಲಸ ಮಾಡುವುದಿಲ್ಲ. ವೈ-ಫೈ ರೂಟರ್ ಟಿವಿಯ ಹಿಂದೆ ಇದ್ದರೆ ಲೋಹದ ಹಿಂಬದಿ ಸಿಗ್ನಲ್ ತಡೆಯುತ್ತದೆ, ಪಕ್ಕಕ್ಕೆ ತನ್ನಿ. ಸೌಂಡ್‌ಬಾರ್ ಟಿವಿಯ ಕೆಳಗೆ ತೆರೆದ ಜಾಗದಲ್ಲಿರಲಿ. ಸಬ್‌ವೂಫರ್ ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ಕೆಳಗಿನ ಮನೆಗೆ ಹೋಗುವ ಗುಡುಗು ಕಡಿಮೆಯಾಗುತ್ತದೆ.

ಎಲೆಕ್ಟ್ರಿಕ್ ಅಗ್ಗಿಷ್ಟಿಕೆ ಬೇಕೇ ಬೇಕಾ?

ಟಿವಿ ಯೂನಿಟ್‌ನೊಳಗೆ ಕೂರಿಸುವ ಎಲೆಕ್ಟ್ರಿಕ್ ಅಗ್ಗಿಷ್ಟಿಕೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಬರೀ ಎಲ್‌ಇಡಿ ಜ್ವಾಲೆಯದ್ದಾದರೆ ಅದೊಂದು ಅಲಂಕಾರ ದೀಪ, ತೊಂದರೆಯಿಲ್ಲ. ಹೀಟರ್ ಇರುವ ಮಾದರಿ ಸಾಮಾನ್ಯವಾಗಿ 1,500ರಿಂದ 2,000 ವ್ಯಾಟ್. 230 ವೋಲ್ಟ್‌ನಲ್ಲಿ 2,000 ವ್ಯಾಟ್ ಎಂದರೆ ಸುಮಾರು 8.7 ಆಂಪ್, ಟಿವಿಗೆ ಕೊಡುವ 6 ಆಂಪ್ ಸಾಕೆಟ್ ಅದನ್ನು ತಾಳದು. 16 ಆಂಪ್‌ನ ಪ್ರತ್ಯೇಕ ಲೈನ್ ಬೇಕು. ಅದರ ಬಿಸಿಗಾಳಿ ಮೇಲೇರಿ ಟಿವಿಗೇ ತಾಗುತ್ತದೆ. ಹೆಚ್ಚಿನ ಟಿವಿಗಳು 40 ಡಿಗ್ರಿವರೆಗಿನ ತಾಪಮಾನಕ್ಕೆ ಎಂದು ಅವುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಫ್ಯಾನ್ ಹಾಕಿಕೊಂಡು ಕುಳಿತು ಹೀಟರ್ ಉರಿಸುವ ಊರು ಇದಲ್ಲ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಟಿವಿಯನ್ನು ಬರೀ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಡಿ. ಮಗು ಕೆಳಗಿನ ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತಿ ಪರದೆ ಹಿಡಿದರೆ ಟಿವಿ ಮುಂದಕ್ಕೆ ಬೀಳುತ್ತದೆ. ಹಿಂಬದಿಯಿಂದ ಗೋಡೆಗೆ ಪಟ್ಟಿ ಬಿಗಿಯಿರಿ.

ಡ್ರಿಲ್‌ನವನನ್ನು ಕರೆಯುವ ಮುನ್ನ ಹಳೆಯ ಪೇಪರ್ ಹಾಳೆಗಳನ್ನು ಟಿವಿ ಅಳತೆಗೆ ಕತ್ತರಿಸಿ, 43 ಇಂಚಿಗಾದರೆ 38 ಇಂಚು ಅಗಲ, 21 ಇಂಚು ಎತ್ತರ, ಗೋಡೆಗೆ ಟೇಪ್‌ನಿಂದ ಅಂಟಿಸಿ. ಎರಡು ದಿನ ಹಾಗೇ ಬಿಟ್ಟು, ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮನೆಯವರೆಲ್ಲ ಅವರವರ ಜಾಗದಲ್ಲಿ ಕುಳಿತು ನೋಡಿ. ಗೋಡೆಗೆ ತೂತು ಹಾಕುವುದು ಆಮೇಲೆ.