ಗಾಳಿ ಹಿಡಿದ ಚುಕ್ಕಾಣಿ

1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬರೇ ಹೊರಟರು. ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಬೇಕಿತ್ತು. ಅವರ 32 ಅಡಿಯ ಹಾಯಿದೋಣಿ ‘ಸುಹೈಲಿ’ಯನ್ನು ತೇಗದ ಮರದಲ್ಲಿ ಕಟ್ಟಿದವರು ಮುಂಬಯಿಯ ಬಡಗಿಗಳು. ದೋಣಿಯೇನೋ ಗಟ್ಟಿ. ಆದರೆ ಒಬ್ಬನೇ ಇರುವ ನಾವಿಕ ನಿದ್ದೆ ಮಾಡುವಾಗ ಚುಕ್ಕಾಣಿ ಹಿಡಿಯುವವರು ಯಾರು?

ಹಳಬರು ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು, ಹಾಯಿಗಳನ್ನು ಹೊಂದಿಸಿ ಮಲಗುತ್ತಿದ್ದರು. 1895ರಲ್ಲಿ ಹೊರಟ ಜೋಶುವಾ ಸ್ಲೋಕಮ್ ಹಾಗೆಯೇ ಜಗತ್ತು ಸುತ್ತಿದ. ಎಲ್ಲ ದೋಣಿಗಳೂ ಅಷ್ಟು ಸಾಧುವಲ್ಲ. ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ 1960ರ ಒಂಟಿ ನಾವಿಕರ ಅಟ್ಲಾಂಟಿಕ್ ಪಂದ್ಯಕ್ಕೆ ಗಾಳಿಯಿಂದಲೇ ನಡೆಯುವ ಸಾಧನವನ್ನು ತಂದರು. ಅವರು ರೂಪಿಸಿದ ಲೋಲಕದ ಬಗೆಯೇ ಮುಂದೆ ಹೆಚ್ಚು ಬಳಕೆಗೆ ಬಂತು. ದೋಣಿಯ ಹಿಂಬದಿಯಲ್ಲಿ ತೆಳು ಪ್ಲೈವುಡ್ ಹಲಗೆಯೊಂದು ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಗಾಳಿ ಅದನ್ನು ಒಂದು ಕಡೆಗೆ ವಾಲಿಸುತ್ತದೆ. ಆ ವಾಲುವಿಕೆ ನೀರಿನಲ್ಲಿರುವ ಹುಟ್ಟಿನಂಥ ಹಲಗೆಯನ್ನು ತುಸು ತಿರುಗಿಸುತ್ತದೆ. ಹರಿಯುವ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತವೆ. ಗಾಳಿಯದು ಸನ್ನೆ ಮಾತ್ರ, ಕೆಲಸ ನೀರಿನದು. ವಿದ್ಯುತ್ತು ಬೇಡ, ಊಟವೂ ಬೇಡ.

1960ರ ದಶಕದ ಕೊನೆಗೆ ನಿಕ್ ಫ್ರಾಂಕ್ಲಿನ್ ಐಲ್ ಆಫ್ ವೈಟ್‌ನಲ್ಲಿ ‘ಏರೀಸ್’ ಎಂಬ ಇಂಥ ಸಾಧನ ತಯಾರಿಸತೊಡಗಿದರು. ಎರಕದ ಅಲ್ಯುಮಿನಿಯಂ ಮೈ, ಪ್ಲಾಸ್ಟಿಕ್ ಬುಷ್, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್. ದಶಕಗಳ ಹಿಂದಿನವು ಇಂದಿಗೂ ಸಮುದ್ರದಲ್ಲಿವೆ. ಅವುಗಳ ಕಾಯಿಲೆ ಹುಟ್ಟುವುದು ಈ ಲೋಹಗಳ ಸಹವಾಸದಲ್ಲೇ. ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಮತ್ತು ಸ್ಟೀಲ್ ಜೊತೆಯಾಗಿ ಬ್ಯಾಟರಿಯಂತೆ ವರ್ತಿಸುತ್ತವೆ, ಸವೆಯುವುದು ಅಲ್ಯುಮಿನಿಯಂ. ಅದರಿಂದ ಬರುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ, ಬುಷ್ಷನ್ನು ಒಳಕ್ಕೆ ಒತ್ತಿ ದಂಡವನ್ನು ಬಿಗಿಯಾಗಿಸುತ್ತದೆ. ಹೊರಗಿನಿಂದ ಸಾಧನ ಚೆನ್ನಾಗಿಯೇ ಕಾಣುತ್ತದೆ. ಜೋರು ಗಾಳಿಗೆ ನಡೆಯುತ್ತದೆ ಕೂಡ. ಮೆಲುಗಾಳಿಗೆ ಮಾತ್ರ ಮಿಸುಕುವುದಿಲ್ಲ.

ದುರಸ್ತಿಗೆ ಸುತ್ತಿಗೆಗಿಂತ ತಾಳ್ಮೆ ಮುಖ್ಯ. ಬಲವಾಗಿ ಹೊಡೆದರೆ ಎರಕ ಸೀಳುತ್ತದೆ. ಸಂದಿಗೆ ಇಳಿಯುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಆಮೇಲೆ ಎಣ್ಣೆ ಒರೆಸಿ ಹದವಾಗಿ ಬಿಸಿ ಮಾಡಬೇಕು. ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲಾಗುತ್ತದೆ. ಪುಡಿ ಕೆರೆದು, ಹೊಸ ಬುಷ್ ಹಾಕಿ, ಬೋಲ್ಟಿನ ಮರೆಗೆ ಎರಡು ಲೋಹಗಳನ್ನು ಬೇರ್ಪಡಿಸುವ ಗ್ರೀಸು ಸವರಬೇಕು. ಬುಷ್ಷುಗಳಿಗೆ ಸಿಹಿನೀರಿನ ಸ್ನಾನವೇ ಸಾಕು. ಅಲ್ಲಿ ಎಣ್ಣೆ ಹಾಕಿದರೆ ಉಪ್ಪೂ ಕೊಳೆಯೂ ಅಂಟಿಕೊಳ್ಳುತ್ತವೆ.

‘ಸುಹೈಲಿ’ಯಲ್ಲಿದ್ದ ಸಾಧನ ಬೇರೆ ಬಗೆಯದು. ನ್ಯೂಜಿಲೆಂಡ್ ತಲುಪುವ ಮೊದಲೇ ಮುರಿದುಹೋಯಿತು. ನಾಕ್ಸ್-ಜಾನ್‌ಸ್ಟನ್ ಸ್ಲೋಕಮನ ದಾರಿ ಹಿಡಿದು, ಹಾಯಿ ಹೊಂದಿಸಿ ಚುಕ್ಕಾಣಿ ಕಟ್ಟಿ, 1969ರ ಏಪ್ರಿಲ್ 22ರಂದು ಫಾಲ್ಮತ್‌ಗೆ ಮರಳಿದರು. ಒಂಟಿಯಾಗಿ, ಎಲ್ಲೂ ನಿಲ್ಲದೆ ಜಗತ್ತು ಸುತ್ತಿದ ಮೊದಲಿಗರು ಅವರೇ.

ಆ ಪಂದ್ಯದ ನೆನಪಿಗೆ 2022ರಲ್ಲಿ ನಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲೂ ಎಲೆಕ್ಟ್ರಾನಿಕ್ ಚಾಲಕನಿಗೆ ಅವಕಾಶವಿರಲಿಲ್ಲ. ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ಎರಡನೆಯವರಾಗಿ ಮುಗಿಸಿದರು. ನಡುದಾರಿಯಲ್ಲಿ ಅವರ ಸಾಧನದ ನೀರುಹಲಗೆಗಳು ಕೈಕೊಟ್ಟಾಗ ಅವರು ದೋಣಿಯ ಶೌಚಾಲಯದ ಬಾಗಿಲನ್ನು ಕಿತ್ತು ಹೊಸದನ್ನು ಕೊಯ್ದುಕೊಂಡರು.