ಚೌಡಿಕೆಯ ತಂತಿ, ಮಾಯುವ ಗಾಯ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಶೌರ್ಯದ ಇತಿಹಾಸ. 1824ರಲ್ಲಿ ಕಂಪನಿ ಸೈನ್ಯವನ್ನು ಎದುರಿಸಿದ ಕಿತ್ತೂರು ರಾಣಿ ಚೆನ್ನಮ್ಮ, ಬೈಲಹೊಂಗಲದಲ್ಲಿರುವ ಆಕೆಯ ಸಮಾಧಿ, ಸಂಗೊಳ್ಳಿ ರಾಯಣ್ಣನ ಲಾವಣಿಗಳು ಪಠ್ಯದಲ್ಲೂ ಪರಿಚಿತ. ನಾಟಕದಲ್ಲಿ ಆಸಕ್ತಿಯುಳ್ಳವರು ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನೂ ಹೆಸರಿಸಿಯಾರು. ಇವೆಲ್ಲ ದೊಡ್ಡವರ ಕಥೆಗಳು. ಎಳೆಯ ಮನಸ್ಸಿಗೆ ಆದ ಗಾಯವನ್ನು ಹಾಡುವ ಕಲೆಯೂ ಇದೇ ಸೀಮೆಯಲ್ಲಿದೆ. ಅದು ಸವದತ್ತಿ ಯಲ್ಲಮ್ಮನ ಗುಡ್ಡದ ಚೌಡಿಕೆ ಪದ.

ಮೊದಲು ವಾದ್ಯವನ್ನು ನೋಡೋಣ. ಚೌಡಿಕೆ ಎಂದರೆ ಒಂದು ಕಡೆ ಚರ್ಮ ಬಿಗಿದ ಕೊಳಗದಂಥ ಪಾತ್ರೆ, ಅದರ ಪಕ್ಕಕ್ಕೊಂದು ಕೋಲು. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ ಕೋಲಿನ ತುದಿಯನ್ನು ಸೇರುತ್ತದೆ. ತಂತಿಯನ್ನು ಮೀಟಿದಾಗ ಅದರ ಕಂಪನ ನೇರವಾಗಿ ಚರ್ಮವನ್ನೇ ಅಲುಗಿಸುತ್ತದೆ. ಹೀಗಾಗಿ ಒಂದೇ ವಾದ್ಯದಲ್ಲಿ ತಂತಿಯ ನಾದವೂ ತಾಳದ ಪೆಟ್ಟೂ ಕೂಡಿ ಬರುತ್ತವೆ. ಜೊತೆಗೆ ಶ್ರುತಿಗೆ ತುಂತುಣಿ, ಲಯಕ್ಕೆ ತಾಳ. ಜೋಗತಿಯರ ಮೇಳಕ್ಕೆ ಇಷ್ಟು ಸಾಕು.

ಈ ಮೇಳ ಹಾಡುವ ಕಥೆ ನಮಗೆಲ್ಲ ಗೊತ್ತಿರುವಂಥದೇ. ಜಮದಗ್ನಿ ಋಷಿಯ ಪತ್ನಿ ರೇಣುಕೆ ದಿನವೂ ಮಲಪ್ರಭೆಗೆ ಹೋಗಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿಯಾಗಿಸಿ ನೀರು ತರುತ್ತಿದ್ದಳು. ಒಂದು ದಿನ ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಅವಳ ಏಕಾಗ್ರತೆ ಕದಡಿತು, ಕೊಡ ಕೂಡಲಿಲ್ಲ. ಸಿಟ್ಟಾದ ಋಷಿ ತಾಯಿಯ ತಲೆ ಕಡಿಯುವಂತೆ ಮಕ್ಕಳಿಗೆ ಹೇಳಿದ. ಹಿರಿಯರು ಒಲ್ಲೆನೆಂದು ಶಾಪಕ್ಕೆ ಗುರಿಯಾದರು. ಕಿರಿಯವನಾದ ಪರಶುರಾಮ ಕೊಡಲಿ ಎತ್ತಿದ. ತಂದೆ ಮೆಚ್ಚಿ ವರ ಬೇಡೆಂದಾಗ ಅವನು ಕೇಳಿದ್ದು ತಾಯಿಯ ಮತ್ತು ಅಣ್ಣಂದಿರ ಜೀವವನ್ನು.

ಪಿತೃವಾಕ್ಯ ಪರಿಪಾಲನೆಯ ನೀತಿಗಾಗಿ ಈ ಕಥೆಯನ್ನು ಹೇಳುವುದು ವಾಡಿಕೆ. ಮಗುವಿನ ಕಡೆಯಿಂದ ನೋಡಿದರೆ ಬೇರೊಂದು ಅರ್ಥ ತೋರುತ್ತದೆ. ದೊಡ್ಡವರ ಸಿಟ್ಟನ್ನು ತೀರಿಸಲು ಇಲ್ಲಿ ಮಗನ ಕೈಯನ್ನು ಬಳಸಲಾಗಿದೆ. ಹೊರಲಾಗದ ಭಾರವನ್ನು ಹೊತ್ತ ಆ ಮಗ, ವರ ಸಿಕ್ಕ ಕ್ಷಣವೇ ತನ್ನ ಕೈಯಾರೆ ಆದದ್ದನ್ನು ಸರಿಪಡಿಸಲು ಹೊರಡುತ್ತಾನೆ. ಚೌಡಿಕೆಯ ಹುಟ್ಟಿನ ಬಗೆಗೂ ಒಂದು ಐತಿಹ್ಯವಿದೆ: ದುಃಖದಲ್ಲಿದ್ದ ತಾಯಿಯನ್ನು ಸಂತೈಸಲು ಪರಶುರಾಮನೇ ಈ ವಾದ್ಯವನ್ನು ಮಾಡಿದನಂತೆ.

ಗುಡ್ಡದ ವಾರ್ಷಿಕ ಆಚರಣೆಯಲ್ಲೂ ದುಃಖಕ್ಕೆ ಒಂದು ಅವಧಿಯಿದೆ. ಜಮದಗ್ನಿ ಹತನಾದ ನೆನಪಿಗೆ ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ದೇವಿಯ ಮಂಗಳಸೂಚಕಗಳನ್ನು ತೆಗೆಯುತ್ತಾರೆ. ಜೋಗತಿಯರು ಬಳೆ ಒಡೆದುಕೊಳ್ಳುತ್ತಿದ್ದರು. ಬನದ ಹುಣ್ಣಿಮೆ ಕಳೆದು ಮಾಘದ ಭರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ. ಸುತ್ತಲಿನ ತಾಲೂಕುಗಳ ಜನ ಚಕ್ಕಡಿ ಕಟ್ಟಿಕೊಂಡು ‘ಉಧೋ ಉಧೋ’ ಎನ್ನುತ್ತ ಬರುವ ಜಾತ್ರೆಗಳು ಈ ಹುಣ್ಣಿಮೆಗಳವು. ಸಂಕಟ ಒಂದೇ ದಿನದಲ್ಲಿ ಕಳೆಯುವುದಿಲ್ಲ ಎಂಬ ತಿಳಿವಳಿಕೆ ಈ ಕ್ರಮದಲ್ಲಿ ಅಡಗಿದೆ.

ಆದರೆ ಇತಿಹಾಸ ಇಷ್ಟಕ್ಕೇ ನಿಲ್ಲುವುದಿಲ್ಲ. ದೇವಿಗೆ ಎರಡು ತಿಂಗಳಲ್ಲಿ ಬಳೆ ಮರಳುತ್ತಿತ್ತು. ಇದೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಬಾಲ್ಯ ಮರಳುತ್ತಿರಲಿಲ್ಲ. ಮನೆಯ ಕಾಯಿಲೆ, ಗಂಡು ಸಂತಾನವಿಲ್ಲದ ಕೊರಗು, ಬಡತನ – ಇಂಥ ಕಾರಣಗಳಿಗೆ ಎಳೆಯ ಹೆಣ್ಣುಮಕ್ಕಳನ್ನು ಕೆಂಪು–ಬಿಳಿ ಮಣಿಯ ಸರ ಕಟ್ಟಿ ದೇವದಾಸಿಯಾಗಿ ಬಿಡಲಾಗುತ್ತಿತ್ತು. ಅವರಲ್ಲಿ ಬಹುಪಾಲು ದಲಿತ ಕುಟುಂಬದವರು. ತಲೆಯಲ್ಲಿ ಜಡೆ ಕಟ್ಟಿದರೆ ದೇವಿ ಕರೆದಳೆಂದು ನಂಬುತ್ತಿದ್ದರು. ತೊಳೆಯದೆ, ಬಾಚದೆ ಬಿಟ್ಟ ಕೂದಲು ಸಿಕ್ಕುಗಟ್ಟುವುದು ಯಾರ ತಲೆಯಲ್ಲಾದರೂ ಆಗುವ ಸಂಗತಿ. ಅದಕ್ಕೆ ಬೇಕಾದದ್ದು ಕತ್ತರಿ ಮತ್ತು ಸೀಗೆಕಾಯಿ. ಹೀಗೆ ಬಿಟ್ಟವರಿಗೆ ಹುಟ್ಟಿದ ಮಕ್ಕಳದು ಇನ್ನೊಂದು ನೋವು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಅವರ ಪಾಲಿಗೆ ದಿನನಿತ್ಯದ ಅವಮಾನವಾಗಿತ್ತು.

ಈ ಸೀಮೆಯಲ್ಲಿ ಮುಂಬಯಿ ಪ್ರಾಂತದ ಆಡಳಿತವಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾನೂನು ಬಂತು. ಕರ್ನಾಟಕ ಸರ್ಕಾರ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಎರಡು ಕಾನೂನುಗಳ ನಡುವಿನ ಸುಮಾರು ಅರ್ಧ ಶತಮಾನವೇ ಹೇಳುತ್ತದೆ, ಕಾಗದದ ಮೇಲಿನ ಮದ್ದು ಗಾಯವನ್ನು ಮುಟ್ಟಲು ಎಷ್ಟು ಕಾಲ ಹಿಡಿಯುತ್ತದೆಂದು. 1997ರಲ್ಲಿ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದ ಮೇಲೆ ಕೆಲಸ ಮನೆಮನೆಗೆ ತಲುಪಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರನ್ನು ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿ ಬಿಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗಾದರೆ ಕಲೆಯ ಪಾತ್ರವೇನು? ಇಲ್ಲಿ ಒಂದು ಇಕ್ಕಟ್ಟಿದೆ. ಮಕ್ಕಳನ್ನು ಗುಡ್ಡಕ್ಕೆ ಒಯ್ದ ನಂಬಿಕೆಯನ್ನು ಇದೇ ಹಾಡುಗಳು ಪೋಷಿಸಿದ್ದೂ ಹೌದು. ಒಯ್ಯಲ್ಪಟ್ಟವರಿಗೆ ಅಳಲು ದನಿ ಕೊಟ್ಟದ್ದೂ ಹೌದು. ಪದ್ಧತಿಯೊಂದಿಗೆ ಪದವೂ ಅಳಿಯಲಿ ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರ ಬಾಳಿನಲ್ಲಿ ಸಿಗುತ್ತದೆ. ಗಂಡಾಗಿ ಹುಟ್ಟಿ, ಹೆಣ್ಣೆಂದು ತನ್ನನ್ನು ಅರಿತುಕೊಂಡ ಕಾರಣಕ್ಕೆ ಎಳೆಯ ವಯಸ್ಸಿನಲ್ಲೇ ಮನೆಯಿಂದ ದೂರವಾದವರು ಅವರು. ಸಾವಿನ ಅಂಚಿಗೂ ಹೋಗಿ ಬಂದರು. ಜೋಗತಿ ನೃತ್ಯ ಕಲಿತು, ಕಾಳವ್ವ ಜೋಗತಿಯವರ ತಂಡ ಸೇರಿ ಯಲ್ಲಮ್ಮನ ಕಥೆಯನ್ನು ರಂಗದ ಮೇಲೆ ಆಡಿದರು. ಭಿಕ್ಷೆಯ ಜೋಳಿಗೆಯಿಂದ ರಂಗಕ್ಕೆ ಬಂದ ಕಲೆ ಅವರಿಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಕಾಲ ಎಷ್ಟು ಹಿಡಿಯಿತೆಂದು ಗಮನಿಸಿ: ಹದಿಹರೆಯದಲ್ಲಿ ಆದ ಗಾಯಕ್ಕೆ ಸಮಾಜದ ಮನ್ನಣೆ ಸಿಕ್ಕಿದ್ದು ಅರವತ್ತರ ಆಸುಪಾಸಿನಲ್ಲಿ.

ಆದ್ದರಿಂದ ಕಲೆ ಒಂದೇ ಗಾಯವನ್ನು ಮಾಯಿಸೀತು ಎಂದುಕೊಳ್ಳಬಾರದು. ಹಾಡು ನೋವಿಗೆ ಹೆಸರು ಕೊಡುತ್ತದೆ, ಕೇಳುವ ಕಿವಿಗಳನ್ನು ಕೂಡಿಸುತ್ತದೆ. ಕಾನೂನು, ಶಾಲೆ, ದುಡಿಮೆ ಅದರ ಬೆನ್ನಿಗೆ ನಿಂತಾಗ ಮಾತ್ರ ಗಾಯ ಆರುತ್ತದೆ. ಮುತ್ತು ಕಟ್ಟದೆಯೂ ಚೌಡಿಕೆ ನುಡಿಸಬಹುದು. ಯಾವ ಜಾತಿಯ, ಯಾವ ಮನೆಯ ಹುಡುಗ ಹುಡುಗಿಯರೂ ಅದನ್ನು ಕಲಿಯಬಹುದು. ಮುಂದಿನ ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ವಿದ್ಯಾರ್ಥಿಗಳು ಮೇಳದ ಹಿರಿಯರ ಬಳಿ ಸ್ವಲ್ಪ ಹೊತ್ತು ಕೂತು ಪದ ಕೇಳಲಿ. ಹಾಡು ಯಾರ ಬಾಯಿಂದ, ಯಾವ ಬಾಳಿನಿಂದ ಬರುತ್ತಿದೆ ಎಂಬುದನ್ನೂ ಕೇಳಿ ತಿಳಿಯಲಿ.